ಏನೂ ಹಾಕಬಾರದ ಡ್ರಮ್ಮು

“ಏನ್ ಹಾಕೀರಿ ಇದಕ್ಕ?”

ಎರಡು ವಾರದಿಂದ ಈ ಪ್ರಶ್ನೆ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ. ಘೋಣಸಗಿಯ ನನ್ನ ತವರುಮನೆಯ ಸ್ಟೋರ್ ರೂಮಿನಲ್ಲಿ ಒಂದು ಡ್ರಮ್ಮಿದೆ. ಅದರಲ್ಲಿ ಹಿಸುಕಿದ ದ್ರಾಕ್ಷಿ ಇದೆ. ಬೇರೇನೂ ಇಲ್ಲ. ಹಾಗಂತ ಹೇಳಿದರೆ ಯಾರು ನಂಬುತ್ತಾರೆ? “ಸಕ್ಕರಿ?” ಇಲ್ಲ. “ನೀರು?” ಇಲ್ಲ. “ಖರೇ ಹೇಳ್ರಿ ಟೀಚರ್, ಏನರ ಔಷಧ ಹಾಕೇ ಇರ್ತೀರಿ.” ಇಲ್ಲೋ ಯಪ್ಪಾ, ಇಲ್ಲ!

(ಹುಬ್ಬೇರಿಸಬೇಡಿ. ನಾನು ಕುಡಿಯುವುದಿಲ್ಲ. ನಮ್ಮ ಮನೆಯಲ್ಲಿ ಯಾರೂ ಕುಡಿಯುವುದಿಲ್ಲ. ಕುಡಿಯದೆಯೇ ನನ್ನ ತಲೆ ಮೊಸರುಗಡಿಗೆಯಾಗಿದೆ.)

ಮೊದಲಿನಿಂದ ಹೇಳುತ್ತೇನೆ. ನನ್ನ ತಮ್ಮ ಈರಣ್ಣನದು ದ್ರಾಕ್ಷಿ ತೋಟ. ಬೆಳೆದದ್ದೆಲ್ಲ ಒಣದ್ರಾಕ್ಷಿಗೆ ಹೋಗುತ್ತದೆ. ಅವನ ಹೆಂಡತಿ ಶಿವಲೀಲಾ ಎರಡು ವರ್ಷ ಅವನ ಜೊತೆ ಗುದ್ದಾಡಿ, ತೋಟದ ಮೂಲೆಯ ಹತ್ತು ಸಾಲನ್ನು ತನ್ನ ಕೈಗೆ ತೆಗೆದುಕೊಂಡಳು. ಆ ಸಾಲುಗಳಿಗೆ ರಾಸಾಯನಿಕದ ಒಂದು ಹನಿಯೂ ಇಲ್ಲ. ಬೇವಿನೆಣ್ಣೆ, ಹುಳಿ ಮಜ್ಜಿಗೆ, ಅಷ್ಟೆ. ಈರಣ್ಣ ನಕ್ಕ. ಊರೂ ನಕ್ಕಿತು. ಅರ್ಧ ಗೊನೆ ಬೂದಿರೋಗಕ್ಕೆ ಹೋದಾಗಲಂತೂ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

ಉಳಿದರ್ಧವನ್ನು ನೋಡಲು ನಾಸಿಕದ ಕಡೆಯಿಂದ ಒಬ್ಬರು ಬಂದರು. ಲೈಸೆನ್ಸ್ ಇಟ್ಟುಕೊಂಡು ನ್ಯಾಚುರಲ್ ವೈನ್ ಮಾಡುವವರು. ಪರೀಕ್ಷೆಗೆಂದು ಒಂದು ಡ್ರಮ್ ಇಲ್ಲೇ ಹುದುಗಲಿಕ್ಕೆ ಇಡೋಣ, ಎರಡು ವಾರ ಬಿಟ್ಟು ಬರುತ್ತೇನೆ, ಸರಿ ಬಂದರೆ ಮುಂದಿನ ವರ್ಷದಿಂದ ಹತ್ತೂ ಸಾಲಿನ ಹಣ್ಣು ನನಗೇ ಬೇಕು ಅಂದರು. ಸರಿ ಬರದಿದ್ದರೆ? ಅದನ್ನು ಈರಣ್ಣ ಹೇಳಿದ: “ಬರ್ಲಿಲ್ಲಂದ್ರ ಮುಂದಿನ ಚಾಟ್ನಿ ಆದ ಮ್ಯಾಲೆ ಆ ಸಾಲಿಗೂ ನಂದ ಪಂಪು.” ಚಾಟ್ನಿ ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಪಂಪು ಅಂದರೆ ರಾಸಾಯನಿಕ ಹೊಡೆಯುವ ಪಂಪು. ಶಿವಲೀಲಾ ಹ್ಞೂಂ ಅಂದಳು. ಬೇರೆ ದಾರಿ ಏನಿತ್ತು ಆಕೆಗೆ?

ನಾನು ವಿಜಯಪುರದಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಕಲಿಸುವವಳು. ಆದ್ದರಿಂದ ಎಲ್ಲರಿಗೂ ಈ ವೈನು ತಿಳಿಸಿ ಹೇಳುವ ಕರ್ಮ ನನ್ನ ತಲೆಗೆ ಬಂತು.

ವಿಷಯ ಇಷ್ಟೇ. ಬಳ್ಳಿಯಿಂದ ಕಿತ್ತ ದ್ರಾಕ್ಷಿಯ ಮೇಲೆ ಬಿಳಿ ಪುಡಿ ಸವರಿದಂತೆ ಕಾಣುತ್ತದಲ್ಲ? ಆ ಸಿಪ್ಪೆಯ ಮೇಲೆ ತೋಟದ ಯೀಸ್ಟ್ ಕೂತಿರುತ್ತದೆ. ಅದಕ್ಕೇ ಹಣ್ಣು ತೊಳೆಯಬಾರದು. ಹಿಸುಕಿ, ಡ್ರಮ್ಮಿಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಬೇಕು. ಯೀಸ್ಟ್ ಹಣ್ಣಿನ ಸಕ್ಕರೆ ತಿಂದು ಆಲ್ಕೋಹಾಲ್ ಮಾಡುತ್ತದೆ. ಡ್ರಮ್ಮು ಗುಳುಗುಳು ಅನ್ನುತ್ತದೆ, ಸಿಪ್ಪೆ ಮೇಲೆ ತೇಲುತ್ತದೆ. ದಿನಕ್ಕೆರಡು ಸಲ ಅದನ್ನು ಕೆಳಗೆ ಒತ್ತಬೇಕು. ಮುಗಿಯಿತು! ಮಾಮೂಲಿ ವೈನಿಗೆ ಪಾಕೀಟಿನ ಯೀಸ್ಟ್ ಹಾಕುತ್ತಾರೆ, ಕೆಡಬಾರದೆಂದು ಗಂಧಕದ ಉಪ್ಪು ಬೆರೆಸುತ್ತಾರೆ, ಸೋಸಿ ಸೋಸಿ ಫಳಫಳ ಮಾಡುತ್ತಾರೆ. ಇದಕ್ಕೆ ಅದ್ಯಾವುದೂ ಇಲ್ಲ. ಸ್ವಲ್ಪ ರಾಡಿಯಾಗಿಯೇ ಇರುತ್ತದೆ. ದೋಸೆ ಹಿಟ್ಟು ಹುದುಗಲಿಕ್ಕೆ ನೀವೇನು ಔಷಧ ಹಾಕುತ್ತೀರಾ?

ಅಂದರೆ ಇಲ್ಲಿ ಮುಖ್ಯ ಕೆಲಸ ಸುಮ್ಮನಿರುವುದು. ನಮ್ಮ ಜನರನ್ನು ಸುಮ್ಮನೆ ಕೂರಿಸಿ ನೋಡಿ! ನಮ್ಮ ಕಡೆ ದ್ರಾಕ್ಷಿ ಕೈಗೆ ಬಂತೆಂದರೆ ಏನಾದರೂ ಮಾಡಲೇಬೇಕು. ಬೇಗ ಒಣಗಲಿ ಅಂತ ಡಿಪ್ಪಿಂಗ್ ಎಣ್ಣೆಯ ನೀರಿನಲ್ಲಿ ಅದ್ದಬೇಕು, ಶೆಡ್ಡಿನ ಬಲೆಯ ಮೇಲೆ ಹರವಬೇಕು, ಗಂಧಕ ಸುಟ್ಟು ಹೊಗೆ ಕೊಡಬೇಕು. ಹೊಗೆ ಕೊಟ್ಟರೆ ಒಣದ್ರಾಕ್ಷಿಗೆ ಬಂಗಾರದ ಬಣ್ಣ. ಕೊಡದಿದ್ದರೆ ಕಪ್ಪಾಗುತ್ತದೆ, ಕಪ್ಪಾದ ಮಾಲನ್ನು ವ್ಯಾಪಾರಿ ಮುಟ್ಟಿಯೂ ನೋಡುವುದಿಲ್ಲ.

ಶನಿವಾರ ಹಣ್ಣು ಕಿತ್ತು ಸ್ಟೋರ್ ರೂಮಿನಲ್ಲಿಟ್ಟರು. ಭಾನುವಾರ ಹಿಸುಕಿದರು. ಬುಧವಾರ ನಾನು ಸ್ಟಾಫ್ ರೂಮಿನಲ್ಲಿ ಪೇಪರ್ ತಿದ್ದುತ್ತಿರುವಾಗ ಶಿವಲೀಲಾಳ ಫೋನು.

“ಅಕ್ಕಾರ, ಡ್ರಮ್ಮು ಮಾತಾಡವಲ್ದು.”

“ತಡಿ ಬೇ, ಇನ್ನೂ ಮೂರ ದಿನ ಆಗೇತಿ.”

“ಈ ಬಿಸಲಾಗ ಎರಡು ದಿನಕ್ಕ ಏಳತೈತಿ ಅಂದಿದ್ರು. ಒಂದು ಗುಳ್ಳಿ ಇಲ್ರಿ.” ದನಿ ನಡುಗುತ್ತಿತ್ತು. ಆಕೆ ಸುಲಭಕ್ಕೆ ಅಳುವವಳಲ್ಲ.

ಗುರುವಾರ ಅರ್ಧ ದಿನ ರಜೆ ಹಾಕಿ, ಟಿಕೋಟಾ ಬಸ್ ಹಿಡಿದು ಊರಿಗೆ ಹೋದೆ. (ಬಸ್ ಹತ್ತುವ ಮೊದಲು ಸೊಲ್ಲಾಪುರ ರಸ್ತೆಯ ಒಂದು ಅಂಗಡಿಯಲ್ಲಿ ಬ್ರೆಡ್ಡಿಗೆ ಹಾಕುವ ಯೀಸ್ಟಿನ ಪಾಕೀಟು ತೆಗೆದುಕೊಂಡೆ. ಇರಲಿ ಅಂತ.)

ಡ್ರಮ್ಮಿನ ಬಟ್ಟೆ ಬಿಚ್ಚಿ ಮೂಗು ಹಾಕಿದೆ. ಆಗ ತಾನೇ ಬೆಂಕಿಕಡ್ಡಿ ಗೀರಿದ ಘಾಟು! ಈ ಹಂಗಾಮಿನಲ್ಲಿ ನಮ್ಮ ಮನೆಯ ಹಾಸಿಗೆಗೂ ಅದೇ ವಾಸನೆ ಇರುತ್ತದೆ. ಹಾಗಾಗಿ ಶಿವಲೀಲಾಳಿಗೆ ಅದು ಬೇರೆಯಾಗಿ ತಿಳಿದಿರಲಿಲ್ಲ. ನನಗೆ ತಿಳಿಯಿತು.

“ಈರಣ್ಣಾ! ಗಂಧಕಾ ಸುಟ್ಟೀಯೇನು?”

ಅವನು ನೆಲ ನೋಡಿದ. “ಶನಿವಾರ ಕ್ರೇಟ್ ಇಲ್ಲೇ ಇದ್ವಲ್ಲ ಅಕ್ಕಾ. ಬಾಗಲಾ ಮುಚ್ಚಿ ಒಂದೀಟು ಹೊಗಿ ಕೊಟ್ಟೆ.”

“ಯಾಕೋ? ಏನೂ ಹಾಕಬ್ಯಾಡ್ರಿ ಅಂತ ಬಡಕೊಂಡಿದ್ದೆನಲ್ಲೋ!”

“ಹಣ್ಣಿಗೆ ಏನೂ ಹಾಕಿಲ್ಲ. ಬರೇ ಹೊಗಿ. ನಾಸಿಕದಾವ್ರ ಮುಂದ ಮಾಲು ಕರ್ರಗ ಕಂಡ್ರ ಹೆಂಗ? ಮಂದಿ ಮುಂದ ಆಕಿ ಮಾರಿ ಸಣ್ಣದಾಗಬಾರ್ದಂತ ಮಾಡೀನಿ.”

ಹಣೆ ಹಣೆ ಚಚ್ಚಿಕೊಂಡೆ. ಎರಡು ವರ್ಷ ನಕ್ಕವನು ಇವನೇ! ಆಗ ಗಂಧಕ ಸುಟ್ಟಿದ್ದರೆ ಹೊಟ್ಟೆಕಿಚ್ಚು ಅನ್ನಬಹುದಿತ್ತು, ನಾಲ್ಕು ಬೈಯಬಹುದಿತ್ತು. ಹೆಂಡತಿ ಗೆಲ್ಲಲಿ ಎಂದು ಮನಸ್ಸು ಬಂದ ದಿನವೇ ಹೋಗಿ ಯೀಸ್ಟನ್ನೆಲ್ಲ ಕೊಂದಿಟ್ಟಿದ್ದಾನೆ. ಇಂಥವನಿಗೆ ಏನಂತ ಬೈಯುವುದು?

ಶಿವಲೀಲಾ ಡ್ರಮ್ಮಿಗೆ ಮತ್ತೆ ಬಟ್ಟೆ ಕಟ್ಟಿದಳು. ನಾನು ಬ್ಯಾಗಿನಿಂದ ಪಾಕೀಟು ತೆಗೆದೆ. “ಇದನ್ನ ಹಾಕಿ ಬಿಡು. ಯಾರಿಗೂ ಗೊತ್ತಾಗೂದಿಲ್ಲ.”

ಆಕೆ ನನ್ನನ್ನು ನೋಡಿದಳು. “ನೀವೂ ಹಾಕಾಕ ಬಂದೀರೇನ್ರಿ ಅಕ್ಕಾರ?”

ಇಪ್ಪತ್ತು ವರ್ಷ ಪಾಠ ಮಾಡಿದ ಟೀಚರ್ ನಾನು. ಪಾಕೀಟನ್ನು ಮತ್ತೆ ಬ್ಯಾಗಿಗೆ ತುರುಕಿದೆ.

ಆಕೆ ಬುಟ್ಟಿ ಹಿಡಿದು ತನ್ನ ಸಾಲಿಗೆ ನಡೆದಳು. ಹಕ್ಕಿ ತಿಂದು ಬಿಟ್ಟ, ಎಲೆಯ ಮರೆಯಲ್ಲಿ ಉಳಿದ ಗೊನೆಗಳನ್ನು ಹುಡುಕಿ ಕೊಯ್ದಳು. ತೊಳೆಯದೆ ಸ್ಟೀಲ್ ಪಾತ್ರೆಯಲ್ಲಿ ಹಿಸುಕಿ ಬಟ್ಟೆ ಕಟ್ಟಿದಳು. ಹುದುಗು ಏಳದಿದ್ದರೆ ಅದೇ ತೋಟದ ಹಣ್ಣಿನ ಹೆಪ್ಪು ಹಾಕಬಹುದು ಎಂದು ನಾಸಿಕದವರು ಮೊದಲೇ ಹೇಳಿದ್ದರಂತೆ. (ನಾನೂ ಅಲ್ಲೇ ಇದ್ದೆ. ಕೇಳಿಸಿಕೊಂಡಿರಲಿಲ್ಲ.) ಶನಿವಾರ ಪಾತ್ರೆ ನೊರೆಗಟ್ಟಿತು. ಅದನ್ನು ಡ್ರಮ್ಮಿಗೆ ಸುರಿದಳು. ಸೋಮವಾರ ಬೆಳಿಗ್ಗೆ ಆಕೆ ನನಗೆ ಫೋನ್ ಮಾಡಿ, ಅದನ್ನು ಡ್ರಮ್ಮಿನ ಹತ್ತಿರ ಹಿಡಿದಳು. ಗುಳುಗುಳು! ಸ್ಟಾಫ್ ರೂಮಿನಲ್ಲಿ ನನ್ನ ಕಣ್ಣು ತುಂಬಿ ಬಂತು, ನಾಚಿಕೆ ಇಲ್ಲದೆ ಹೇಳುತ್ತೇನೆ.

ಮೊನ್ನೆ ಭಾನುವಾರ ನಾಸಿಕದವರು ಬಂದರು. ಗ್ಲಾಸಿಗೆ ಹಾಕಿಕೊಂಡು ಮೂಸಿದರು, ಒಂದು ಗುಟುಕು ಬಾಯಲ್ಲಿ ತಿರುಗಿಸಿ ಉಗುಳಿದರು, ಮತ್ತೊಂದು ಗುಟುಕು ನುಂಗಿದರು. ಮುಖ ಅರಳಿತು. ಇನ್ನೂ ಎಳೆಯದು, ಆದರೆ ಛಲೋ ಬಂದಿದೆ ಅಂದರು. ಆಮೇಲೆ ಕೇಳಿದರು: ಏನೂ ಹಾಕಿಲ್ಲ ತಾನೇ?

ಈರಣ್ಣ ನನ್ನ ಮುಖ ನೋಡಿದ. ನಾನು ಛಾವಣಿ ನೋಡಿದೆ.

“ಹಣ್ಣಿಗೆ ಗಂಧಕದ ಹೊಗಿ ಬಡದೈತ್ರಿ,” ಅಂದಳು ಶಿವಲೀಲಾ.

ಅವರು ಗ್ಲಾಸು ಕೆಳಗಿಟ್ಟರು. ಒಳ್ಳೆಯ ಮನುಷ್ಯ, ಬೈಯಲಿಲ್ಲ. ಇದನ್ನು ನ್ಯಾಚುರಲ್ ಅಂತ ನಾನು ಕರೆಯಲಾರೆ ತಾಯಿ, ಸಾಲು ಹೀಗೇ ಉಳಿದಿದ್ದರೆ ಬರುವ ವರ್ಷ ಇನ್ನೊಮ್ಮೆ ನೋಡೋಣ ಅಂದು ಹೊರಟುಹೋದರು.

ಸಾಲು ಉಳಿಯಬೇಕಲ್ಲ? ಮಾತಿನ ಪ್ರಕಾರ ಆಕೆ ಸೋತಿದ್ದಳು. ಮೂವರೂ ಸ್ಟೋರ್ ರೂಮಿನ ಬಾಗಿಲಲ್ಲಿ ನಿಂತೆವು. ಈರಣ್ಣ ಮೊದಲು ಗೊಣಗಿದ: “ಹೇಳಬಾರ್ದಾಗಿತ್ತು. ಅವ್ರಿಗೆ ಹೆಂಗ ಗೊತ್ತಾಗ್ತಿತ್ತು?” ಆಮೇಲೆ ಟವೆಲಿನಿಂದ ಮುಖ ಒರೆಸಿಕೊಂಡ. “ಇರ್ಲಿ. ಸಾಲು ನಿಂದ. ಪಂಪು ಆ ಕಡೆ ತರೂದಿಲ್ಲ. ಮುಂದಿನ ವರ್ಷ ನಾನೂ ನಿನಗ ಕೈ ಹಚ್ಚತೀನಿ.”

ಶಿವಲೀಲಾ ಗಂಡನ ಮುಂದೆ ಅಂಗೈ ಚಾಚಿದಳು.

“ನಿಮ್ಮ ಕೈ ಬ್ಯಾಡ್ರಿ. ಈ ರೂಮಿನ ಕೀಲಿ ಕೊಡ್ರಿ.”