ಬೇವಿನ ಗಿಡದ ಹತ್ತಿರ ಎಡಕ್ಕೆ

ನಮ್ಮ ಓಣಿಯಲ್ಲಿ ಬೇವಿನ ಗಿಡ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ನೀವು ಎಂದಾದರೂ ಬೈಲಹೊಂಗಲಕ್ಕೆ ಬಂದು ನಮ್ಮ ಓಣಿಯ ದಾರಿ ಕೇಳಿದರೆ, ಎಂಥವರೂ "ಬೇವಿನ ಗಿಡದ ಹತ್ರ ಎಡಕ್ಕ ಹೊಳ್ರಿ" ಎಂದೇ ಹೇಳುತ್ತಾರೆ. ನೀವು ತಲೆಯೆತ್ತಿ ಗಿಡ ಹುಡುಕುತ್ತ ಹೋಗುತ್ತೀರಿ. ಗಿಡ ಉರುಳಿ ಎಷ್ಟೋ ಕಾಲವಾಯಿತು. ಈಗ ಅಲ್ಲಿ ಮೊಬೈಲ್ ರಿಪೇರಿಯ ಅಂಗಡಿ ಇದೆ. ಬೇಕಾದರೆ ಆ ಅಂಗಡಿಯವನನ್ನೇ ಕೇಳಿ ನೋಡಿ. ನಿನ್ನ ಅಂಗಡಿ ಎಲ್ಲಿ ಬರುತ್ತದಪ್ಪ ಎಂದರೆ ಅವನೂ "ಬೇವಿನ ಗಿಡದ ಹತ್ರ ರೀ" ಎನ್ನುತ್ತಾನೆ.

ನಮ್ಮ ಓಣಿಯ ಭೂಗೋಳವೆಲ್ಲ ಹೀಗೆ, ಇಲ್ಲದ್ದರ ಮೇಲೆ ನಿಂತಿದೆ. 'ಜಿನ್ನಿನ ಹಿಂದ' ಎಂದರೆ ಹಿಂದೊಮ್ಮೆ ಹತ್ತಿಯಿಂದ ಬೀಜ ಬಿಡಿಸುವ ಕಾರ್ಖಾನೆ ಇದ್ದು, ಈಗ ಸಾಲಾಗಿ ಬಾಡಿಗೆ ಮನೆಗಳೆದ್ದ ಜಾಗ. 'ಟಾಕೀಜಿನ ಎದುರ' ಎಂದರೆ ಕಲ್ಯಾಣ ಮಂಟಪದ ಎದುರು. 'ಬಾವಿ ಕಟ್ಟಿ'ಯ ಬಾವಿ ಮುಚ್ಚಿ ಅದರ ಮೇಲೆ ನೀರಿನ ಟಾಕಿ ಕೂತಿದೆ. ಇನ್ನು 'ಹೊಸಾ ಮನಿ' ಎಂದು ಯಾರಾದರೂ ಹೇಳಿದರೆ ಟೈಲ್ಸು, ಗಾಜು ಹುಡುಕಬೇಡಿ. ಇಡೀ ಓಣಿಯಲ್ಲಿ ಅತ್ಯಂತ ಹಳೆಯದಾಗಿ ಕಾಣುವ, ಮಣ್ಣಿನ ಮಾಳಿಗೆಯ, ಕಂಬಗಳೆಲ್ಲ ಹೊಗೆ ಹಿಡಿದು ಕಪ್ಪಾದ ಮನೆಯೇ ಅದು. ಯಾರದೋ ಅಜ್ಜ ಅದನ್ನು ಕಟ್ಟಿ ಓಣಿಗೆಲ್ಲ ಹುಗ್ಗಿ ಉಣ್ಣಿಸಿದನಂತೆ. ಉಂಡವರು ಅಂದು 'ಹೊಸಾ ಮನಿ' ಎಂದರು. ಒಮ್ಮೆ ಆಡಿದ ಮಾತನ್ನು ಬದಲಿಸುವ ಚಟ ನಮ್ಮವರಿಗಿಲ್ಲ.

ಇದರಿಂದ ಬೇರೆ ಯಾರಿಗೂ ತೊಂದರೆಯಿರಲಿಲ್ಲ, ನನಗಿತ್ತು. ನಾನು ಪೋಸ್ಟಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ವಿಳಾಸವೆಂದರೆ ನನಗೆ ಭಕ್ತಿ. ಹೆಸರು, ಮನೆ, ರಸ್ತೆ, ಊರು, ತಾಲೂಕು ಎಂದು ಒಂದರ ಕೆಳಗೊಂದು ಅಚ್ಚುಕಟ್ಟಾಗಿ ಬರೆದ ಲಕೋಟೆ ಕಂಡರೆ ಇವತ್ತಿಗೂ ಕೈ ಮುಗಿಯಬೇಕೆನಿಸುತ್ತದೆ. ಸರ್ವೀಸಿನಲ್ಲಿದ್ದಷ್ಟು ದಿನ ಊರವರ ವಿಳಾಸಗಳನ್ನೆಲ್ಲ ಓದಿದ ನನಗೆ ಇದ್ದದ್ದು ಒಂದೇ ಆಸೆ: ಸ್ವಂತದ್ದೊಂದು ಮನೆ ಕಟ್ಟಿಸಬೇಕು, ಅದನ್ನು ಜನ ನನ್ನ ಹೆಸರಿನಿಂದ ಕರೆಯಬೇಕು. ಮನೆಯೇನೋ ಆಯಿತು. ಹೆಸರು ಮಾತ್ರ ಆಗಲಿಲ್ಲ.

ಕಾರಣ ಇಷ್ಟೇ. ನಾನು ಕೊಂಡ ಜಾಗದಲ್ಲಿ ಮೊದಲು ಎತ್ತಿನ ಗಾಣ ಇತ್ತು. ಗಾಣದವರು ಎಂದೋ ಬೇರೆ ಊರಿಗೆ ಹೋಗಿಬಿಟ್ಟಿದ್ದರು. ಹೋಗುವಾಗ ಎತ್ತು, ಹಗ್ಗ, ನೊಗ ಎಲ್ಲ ಒಯ್ದರು, ಗಾಣದ ಕಲ್ಲೊಂದನ್ನು ಒಯ್ಯಲಾಗಲಿಲ್ಲ. ಅದು ಈಗಲೂ ನಮ್ಮ ಗೇಟಿನ ಪಕ್ಕದಲ್ಲಿದೆ. ಅದರ ಕುಳಿಯಲ್ಲಿ ಮಣ್ಣು ತುಂಬಿ ನನ್ನ ಹೆಂಡತಿ ತುಳಸಿ ಹಚ್ಚಿದ್ದಾಳೆ. ಅಡಿಪಾಯದಿಂದ ಹಿಡಿದು ಗಿಲಾವಿನವರೆಗೆ ನಾನೇ ಬಿಸಿಲಲ್ಲಿ ನಿಂತು ಕಟ್ಟಿಸಿದ ಮನೆ ಗೃಹಪ್ರವೇಶದ ದಿನವೇ 'ಗಾಣದ ಮನಿ' ಆಯಿತು. ಉಂಡು ಹೊರಟವರು ನನ್ನೆದುರಿಗೇ ಒಬ್ಬರಿಗೊಬ್ಬರು, "ಗಾಣದ ಮನ್ಯಾಗ ಹೋಳಿಗಿ ಭಾಳ ಚೊಲೊ ಆಗಿದ್ದೂ" ಎಂದು ಹೇಳಿಕೊಂಡು ಹೋದರು.

ನಾನು ಸೋಲಲಿಲ್ಲ. 'ತೊರಗಲ್ಲ ನಿವಾಸ' ಎಂದು ದಪ್ಪ ಅಕ್ಷರದಲ್ಲಿ ತಗಡಿನ ಬೋರ್ಡು ಬರೆಸಿ ಬಾಗಿಲ ಮೇಲೆ ಬಡಿಸಿದೆ. ಎದುರು ಮನೆಯ ಗೌರವ್ವ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತ ಅದನ್ನು ಬಹಳ ಹೊತ್ತು ನೋಡಿದರು. ಗೌರವ್ವ ಎಂದರೆ ನಮ್ಮ ಓಣಿಯ ಹಿರಿಯರು. ಅವರು ಒಪ್ಪಿದರೆ ಓಣಿ ಒಪ್ಪಿದ ಹಾಗೆ.

"ಏನ ಬರಸೀರಿ ಅಣ್ಣಾರ?" ಎಂದು ಕೇಳಿದರು.

"ನಮ್ಮ ಮನಿ ಹೆಸರ್ರೀ ಅಕ್ಕಾರ. ತೊರಗಲ್ಲ ನಿವಾಸ ಅಂತ."

"ಚೊಲೊ ಆತು ಬಿಡ್ರಿ," ಎಂದರು ಗೌರವ್ವ. ಮರುಕ್ಷಣವೇ ಹಾಲಿನವನನ್ನು ಕೂಗಿ, "ಗಾಣದ ಮನಿಗೆ ಇವತ್ತ ಅರ್ಧಾ ಲೀಟರ್ ಹೆಚ್ಚಿಗಿ ಹಾಕೋ" ಎಂದರು.

ಇಲ್ಲಿ ನಮ್ಮ ಅಡ್ಡಹೆಸರುಗಳ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮ ಕಡೆ ಊರ ಹೆಸರೇ ಅಡ್ಡಹೆಸರಾಗುವುದು ನಿಮಗೆ ಗೊತ್ತೇ ಇದೆ. ಕಿತ್ತೂರು, ಸಂಗೊಳ್ಳಿ, ಸವದತ್ತಿ, ಮನೋಳಿ ಎಂಬ ಮನೆತನಗಳು ಎಲ್ಲೆಲ್ಲೂ ಇವೆ, ಆ ಊರುಗಳನ್ನು ಬಿಟ್ಟು. ಯೋಚಿಸಿದರೆ ಸಹಜವೇ. ಊರಿಗೆ ಊರೇ ಕಿತ್ತೂರಿನವರಾಗಿದ್ದಾಗ ಯಾರನ್ನು ಕಿತ್ತೂರವರೆಂದು ಕರೆಯುವುದು? ನಮ್ಮ ಮುತ್ತಜ್ಜ ರಾಮದುರ್ಗ ತಾಲೂಕಿನ ತೊರಗಲ್ಲಿನಲ್ಲಿ, ಕೋಟೆಯ ನೆರಳಿಗೆ ಇದ್ದಷ್ಟು ದಿನ ಬರೀ ಈರಪ್ಪನಾಗಿದ್ದ. ಊರು ಬಿಟ್ಟ ಮೇಲೆ ತೊರಗಲ್ಲ ಈರಪ್ಪನಾದ. ಇದನ್ನು ನಾನು ಎಷ್ಟೋ ಜನರಿಗೆ ಪಾಂಡಿತ್ಯದಿಂದ ವಿವರಿಸಿದ್ದೇನೆ. ನನಗೇ ಅದು ಅರ್ಥವಾಗಿರಲಿಲ್ಲ ಎನ್ನುವುದು ಬೇರೆ ಮಾತು.

ಹೀಗಿರುವಾಗ ಮಗಳು ಸುಮಂಗಲಾಳನ್ನು ನೋಡಲು ಮನೋಳಿಯಿಂದ ಬೀಗರು ಬರುವುದೆಂದಾಯಿತು. ಅವಳು ಕಿತ್ತೂರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಹುಡುಗ ಸವದತ್ತಿಯಲ್ಲಿ ದನದ ಡಾಕ್ಟರು. ಇಬ್ಬರೂ ಮೊದಲೇ ಭೇಟಿಯಾಗಿ ಮಾತಾಡಿದ್ದರು, ಅವಳಿಗೆ ಮನಸ್ಸಿತ್ತು. ಉಳಿದದ್ದು ಹಿರಿಯರ ಒಪ್ಪಿಗೆ, ಅದರಲ್ಲೂ ಹುಡುಗನ ದೊಡ್ಡವ್ವನದು. ಆ ಮನೆಯಲ್ಲಿ ಅವರ ಮಾತು ದಾಟಿ ಏನೂ ನಡೆಯುವುದಿಲ್ಲವಂತೆ. ಬರುವ ದಿನ ಅವರೇ ಫೋನು ಮಾಡಿದರು. ಸುಮಂಗಲಾ, "ಲೊಕೇಶನ್ ಕಳಸ್ತೇನಿ ಅಂತ ಹೇಳಪ್ಪಾ" ಎಂದಳು. ಹೇಳಿದೆ.

"ಅದು ಬ್ಯಾಡ್ರಿ ಯಪ್ಪಾ," ಎಂದರು ದೊಡ್ಡವ್ವ. "ಹ್ವಾದ ಸಲ ಅದನ್ನ ನಂಬಿ ಯಾರದೋ ಕಬ್ಬಿನ ಹೊಲದಾಗ ಹೋಗಿ ನಿಂತಿದ್ವಿ. ನೀವು ಬಾಯಿಲೆ ಹೇಳ್ರಿ."

ನನಗೆ ಇನ್ನೇನು ಬೇಕು? ಗಂಟಲು ಸರಿಮಾಡಿಕೊಂಡು, ಬಸ್ ಸ್ಟ್ಯಾಂಡಿನಿಂದ ಹಿಡಿದು ನಮ್ಮ ಬಾಗಿಲವರೆಗೆ ಸಾಂಗವಾಗಿ ದಾರಿ ಹೇಳಿದೆ. ಕೊನೆಗೆ, "ಬಾಗಲಾ ಮ್ಯಾಲ ತೊರಗಲ್ಲ ನಿವಾಸ ಅಂತ ದೊಡ್ಡ ಬೋರ್ಡ್ ಐತ್ರಿ. ಯಾರನ್ನೂ ಕೇಳೂದ ಬ್ಯಾಡ" ಎಂದು ಒತ್ತಿ ಹೇಳಿದೆ. 'ಗಾಣದ ಮನಿ' ಎಂಬ ಮಾತು ಬಾಯಿಂದ ಬರದಂತೆ ಬಹಳ ಎಚ್ಚರಿಕೆ ವಹಿಸಿದ್ದೆ.

ಬರಬೇಕಾದ ಹೊತ್ತು ಮೀರಿತು. ಶಿರಾ ಆರಿತು, ಉಪ್ಪಿಟ್ಟು ಗಟ್ಟಿಯಾಯಿತು. ಫೋನು ಮಾಡಿದರೆ ಯಾರೂ ಎತ್ತಲಿಲ್ಲ. ನಾನು ಗೇಟಿಗೂ ಪಡಸಾಲೆಗೂ ತಿರುಗಾಡಿದೆ. ಮನಸ್ಸು ಬದಲಾಯಿಸಿದರೇ? ದಾರಿಯಲ್ಲಿ ಏನಾದರೂ ಆಯಿತೇ? ಸುಮಂಗಲಾ ಮಾತ್ರ ಏನೂ ಆಗದವಳ ಹಾಗೆ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದಳು. ಆದರೆ ಅವಳು ಒಂದೇ ಹಾಳೆಯನ್ನು ಮತ್ತೆ ಮತ್ತೆ ತಿರುವುತ್ತಿದ್ದಳು.

ನಡೆದದ್ದು ಏನೆಂದರೆ, ಬೀಗರು ಹಿಂದಿನ ಓಣಿಯ ಚನ್ನಪ್ಪನವರ ಮನೆಯಲ್ಲಿ ಕೂತು ಅವಲಕ್ಕಿ ತಿನ್ನುತ್ತಿದ್ದರು. ಚನ್ನಪ್ಪನವರು ಕಾಳುಕಡಿ ವ್ಯಾಪಾರಿ, ಬಾಗಿಲಲ್ಲೇ ನಿಂತಿದ್ದರು. ಕಾರಿನಿಂದ ಐದಾರು ಜನ ಶುಭ್ರ ಬಟ್ಟೆಯವರು ಇಳಿದದ್ದನ್ನು ನೋಡಿ, "ಬರ್ರಿ, ಬರ್ರಿ" ಎಂದರು. ಅವರು ಒಳಗೆ ಹೋದರು. ಬೋರ್ಡು ನೋಡಲಿಲ್ಲವೇ ಎಂದು ಆಮೇಲೆ ನಾನು ಕೇಳಿದ್ದಕ್ಕೆ ದೊಡ್ಡವ್ವ, "ಬಾಗಲದಾಗ ನಿಂತು ಬರ್ರಿ ಅಂದ್ಮ್ಯಾಲ ಬೋರ್ಡ್ ಯಾಕ ಓದೂಣ್ರಿ?" ಎಂದರು.

ಇನ್ನು ಚನ್ನಪ್ಪನವರು ನೀವು ಯಾರು ಎಂದು ಕೇಳಬಹುದಿತ್ತಲ್ಲ ಎಂದು ನಿಮಗೆ ಅನ್ನಿಸಿದರೆ, ನೀವು ನಮ್ಮ ಕಡೆಯವರಲ್ಲ. ಮನೆಗೆ ಬಂದವರಿಗೆ ಮೊದಲು ಕಾಲಿಗೆ ನೀರು, ಆಮೇಲೆ ಕುಡಿಯಲು ನೀರು, ಬೆಲ್ಲ, ಬಾಯಿಗೊಂದಿಷ್ಟು ತಿನ್ನಲು, ಚಹಾ. ಇದೆಲ್ಲ ಮುಗಿದ ಮೇಲೆ "ಯಾವೂರಾತ್ರಿ?" ಎನ್ನಬೇಕು. ಅದಕ್ಕೂ ಮೊದಲು ಕೇಳಿದರೆ ಅದು ಪೊಲೀಸ್ ಚೌಕಿಯ ವಿಚಾರಣೆ. ಚನ್ನಪ್ಪನವರು ಇವರು ಹೆಂಡತಿಯ ತವರಿನ ಕಡೆಯವರೆಂದುಕೊಂಡರು. ಹೆಂಡತಿ ಇವರು ಗಂಡನ ರಾಮದುರ್ಗದ ಬಳಗವೆಂದುಕೊಂಡರು. ಬಂದವರೂ ಅಷ್ಟೇ ಮರ್ಯಾದಸ್ಥರು. ಕನ್ಯೆಯನ್ನು ಕರೆಯಿರಿ ಎಂದು ತಾವಾಗಿ ಹೇಳುವುದು ಹೇಗೆಂದು ಮಳೆ, ಹತ್ತಿ, ಸೋಯಾಬೀನ್ ಮಾತಾಡುತ್ತ ಕೂತರು. ಕೊನೆಗೆ ಆ ಮನೆಯ ಸೊಸೆ ತಲೆಯ ಮೇಲೆ ಸೆರಗು ಹೊದ್ದು ಚಹಾದ ತಾಟು ಹಿಡಿದು ಬಂದಳು. ದೊಡ್ಡವ್ವ ಅವಳನ್ನು ಅಡಿಯಿಂದ ಮುಡಿಯವರೆಗೆ ಮೆಚ್ಚುಗೆಯಿಂದ ನೋಡಿದರು. ಕೊರಳಿಗೆ ಬಂದಾಗ ಅಲ್ಲಿ ತಾಳಿ ಕಂಡಿತು.

"ಶಿವ ಶಿವಾ! ಹುಡುಗಿ ಕೊಳ್ಳಾಗ ಆಗಲೇ ತಾಳಿ ಐತಲ್ರೆವಾ!"

"ಮತ್ತ ಇರಬಾರದೇನ್ರಿ? ನಮ್ಮ ಸೊಸಿ ಅಕಿ," ಎಂದರು ಚನ್ನಪ್ಪನವರ ಹೆಂಡತಿ. ಅಲ್ಲಿಗೆ ವಿಷಯ ಹೊರಬಿತ್ತು. ತೊರಗಲ್ಲರ ಮನೆ ಎಂದರೆ ಚನ್ನಪ್ಪನವರಿಗೆ ತಿಳಿಯಲಿಲ್ಲ. ಪೋಸ್ಟಿನಲ್ಲಿದ್ದರು, ಮಗಳು ಕಿತ್ತೂರಿನಲ್ಲಿ ಕಲಿಸುತ್ತಾಳೆ ಎಂದಾಗ, "ಓ, ಗಾಣದ ಮನಿಯವರೇನ್ರಿ! ಮೊದಲ ಹಂಗ ಹೇಳಬಾರದ?" ಎಂದು ತೊಡೆ ತಟ್ಟಿ ನಕ್ಕು, ತಾವೇ ಚಪ್ಪಲಿ ಮೆಟ್ಟಿ ಮುಂದೆ ಹೊರಟರು.

ನಾನು ಗೇಟಿನಲ್ಲಿ ನಿಂತಿರುವಾಗ ಓಣಿಯ ತಿರುವಿನಲ್ಲಿ ಆ ಮೆರವಣಿಗೆ ಕಾಣಿಸಿತು. ನನಗಿಂತ ಮೊದಲು ಗೌರವ್ವ ಕೂಗಿದರು, "ಗಾಣದ ಮನಿಗೆ ಬೀಗರು ಬಂದ್ರು!" ಹೋದ ಜೀವ ಬಂದಂತಾಯಿತು. ಜೀವ ಬಂದ ಕೂಡಲೇ ಸಿಟ್ಟೂ ಬಂತು.

"ಅಷ್ಟ ಬಿಡಿಸಿ ಹೇಳಿದ್ನೆಲ್ರಿ, ಬೇವಿನ ಗಿಡದ ಹತ್ರ ಎಡಕ್ಕ ಹೊಳ್ರಿ ಅಂತ!" ಎಂದುಬಿಟ್ಟೆ.

"ಹೊಳ್ಳೇವಲ್ರಿ," ಎಂದರು ದೊಡ್ಡವ್ವ. "ಬೇವಿನ ಗಿಡ ಸಿಕ್ತು, ಎಡಕ್ಕ ಹೊಳ್ಳಿದ್ವಿ. ಇವರ ಓಣಿ ಬಾಯಾಗ ಎಷ್ಟ ದೊಡ್ಡ ಗಿಡ ಐತಿ. ನಿಮ್ಮ ಬೇವಿನ ಗಿಡ ಎಲ್ಲೈತ್ರಿ?"

ತೋರಿಸಲೆಂದು ಕೈ ಎತ್ತಿದೆ. ಬೆರಳ ತುದಿಯಲ್ಲಿ ಮೊಬೈಲ್ ರಿಪೇರಿಯ ಅಂಗಡಿ ಇತ್ತು.

ಎತ್ತಿದ ಕೈ ಹಾಗೇ ನಿಂತಿತು. ಆಗ ಹೊಳೆಯಿತು, ಆ ಗಿಡವನ್ನು ನಾನು ಒಂದು ದಿನವೂ ಕಂಡವನಲ್ಲ. ನಾನು ಈ ಓಣಿಗೆ ಬರುವ ಮೊದಲೇ ಅದು ಉರುಳಿತ್ತು. ವಿಳಾಸಕ್ಕೆ ಕೈ ಮುಗಿಯುವ ಪೋಸ್ಟಿನವನು, ಮಗಳ ಸಂಬಂಧದ ಹೊತ್ತಿನಲ್ಲಿ, ತಾನು ನೋಡಿಯೇ ಇಲ್ಲದ ಗಿಡವನ್ನು ನಂಬಿ ಬೀಗರನ್ನು ಕರೆದಿದ್ದ. ಮೊದಲು ನಕ್ಕವಳು ಸುಮಂಗಲಾ. ಬಾಗಿಲಲ್ಲಿ ನಿಂತು, ಕನ್ಯೆ ನಗಬಾರದಷ್ಟು ಜೋರಾಗಿ ನಕ್ಕಳು. ದೊಡ್ಡವ್ವ ಅವಳ ಕಡೆ ತಿರುಗಿ ನೋಡಿದರು. ಆಮೇಲೆ ಗಾಣದ ಕಲ್ಲನ್ನೂ ಅದರೊಳಗಿನ ತುಳಸಿಯನ್ನೂ ನೋಡಿ, "ಖರೇನ ಗಾಣದ ಮನಿ ಐತಿ. ಹುಡುಗೀದೂ ನಗಿ ಚೊಲೊ ಐತಿ" ಎಂದರು. ಚನ್ನಪ್ಪನವರನ್ನೂ ಕೂರಿಸಿಕೊಂಡು ಎಲ್ಲರೂ ಎರಡನೆಯ ಸಲ ತಿಂದರು. ಸಂಬಂಧ ಅಂದೇ ನಿಶ್ಚಯವಾಯಿತು.

ಮದುವೆಯಾಗಿ ಸುಮಂಗಲಾ ಈಗ ಮನೋಳಿಯ ಮನೆಯಲ್ಲಿದ್ದಾಳೆ. ಸಂತೋಷವಾಗಿದ್ದಾಳೆ, ಹಬ್ಬ ಹುಣ್ಣಿಮೆಗೆಲ್ಲ ಬರುತ್ತಾಳೆ. ಹೋದ ಹೊಸತರಲ್ಲಿ ಒಂದು ದಿನ ಫೋನಿನಲ್ಲಿ, "ಅಪ್ಪಾ, ಇಲ್ಲಿ ನನಗ ಎಲ್ಲಾರೂ ಹೊಂಗಲದಾಕಿ ಅಂತಾರ" ಎಂದಳು. ನನಗೆ ಹೆಮ್ಮೆಯಾಯಿತು, ಕಣ್ಣೂ ಒದ್ದೆಯಾಯಿತು. ಹುಟ್ಟಿ ಬೆಳೆದಷ್ಟು ಕಾಲ ಈ ಊರು ಅವಳಿಗೆ ಕೊಡದ ಹೆಸರನ್ನು ಬಿಟ್ಟುಹೋದ ವಾರದಲ್ಲೇ ಕೊಟ್ಟಿತ್ತು.

ಈ ಆಷಾಢದ ಗಾಳಿಗೆ ನಮ್ಮ ಬೋರ್ಡು ಕಳಚಿ ಬಿತ್ತು. ನಾನು ಏಣಿ ಹಾಕಿ ಬಾಯಲ್ಲಿ ಮೊಳೆ ಕಚ್ಚಿಕೊಂಡು ಹತ್ತಿದೆ. ಗೌರವ್ವ ಕಟ್ಟೆಯ ಮೇಲಿಂದ ಕೇಳಿದರು, "ಏನ ನಡಿಸೀರಿ ಅಣ್ಣಾರ?"

ಮೊಳೆ ತೆಗೆದು, "ಹೆಸರ ಬಡಿಯಾಕತ್ತೇನ್ರಿ ಅಕ್ಕಾರ" ಎಂದೆ.

"ಗಾಣದವರು ಇದ್ದಾಗ ಇದಕ್ಕ ಯಾರೂ ಗಾಣದ ಮನಿ ಅಂತಿದ್ದಿಲ್ಲ. ಬರೇ ಬಸಣ್ಣನ ಮನಿ ಅಂತಿದ್ವಿ. ಅವರು ಹ್ವಾದ್ಮ್ಯಾಲ ಗಾಣದ ಮನಿ ಆತು. ಗಿಡಾನೂ ಹಂಗ, ಬಿದ್ದಮ್ಯಾಲ ಅದಕ್ಕ ಹೆಸರ ಬಂತು. ನಿಮಗೇನ ಅಷ್ಟ ಅವಸರ? ಇಳೀರಿ, ಚಾ ಆರಾಕತ್ತೈತಿ."

ನಾನು ಏಣಿಯ ಮೇಲಿಂದ ತಿರುಗಿ ನೋಡಿದೆ. ಅಲ್ಲಿಂದ ಇಡೀ ಓಣಿ ಕಾಣುತ್ತಿತ್ತು: ಮೊಬೈಲ್ ಅಂಗಡಿ, ನೀರಿನ ಟಾಕಿ, ಕಪ್ಪು ಕಂಬದ ಹೊಸಾ ಮನಿ, ಕಟ್ಟೆಯ ಮೇಲೆ ಗೌರವ್ವ, ಅವರ ಪಕ್ಕದಲ್ಲಿ ಬಸಿಯಿಂದ ಮುಚ್ಚಿಟ್ಟ ಒಂದು ಚಹಾದ ಕಪ್ಪು. ಆ ಕಪ್ಪು ನನ್ನದು. ಇಳಿದುಬಿಟ್ಟೆ.

ಬೋರ್ಡು ಈಗ ಹಿತ್ತಲಲ್ಲಿ ನೀರಿನ ಹೌದಿನ ಮೇಲೆ ಮುಚ್ಚಳವಾಗಿ ಸರಿಯಾಗಿ ಕೂತಿದೆ. ಮುಂದೊಂದು ದಿನ ಈ ಮನೆಗೆ ಯಾರೋ ಬಂದು, ತಮ್ಮ ಹೆಸರು ಬರೆಸಿ ಬಡಿಯುತ್ತಾರೆ. ಓಣಿಯವರು ಅದನ್ನು ನೋಡಿ, ಚೊಲೊ ಆತು ಬಿಡ್ರಿ ಎಂದು, 'ತೊರಗಲ್ಲರ ಮನಿ'ಗೆ ಅರ್ಧ ಲೀಟರ್ ಹಾಲು ಹೆಚ್ಚಿಗೆ ಹಾಕಿಸುತ್ತಾರೆ. ಆಗಲಿ. ನಿಧಾನಕ್ಕೆ ಆಗಲಿ. ಅಲ್ಲಿಯವರೆಗೆ ನೀವು ಬಂದರೆ ಗಾಣದ ಮನೆ ಎಂದೇ ಕೇಳಿ. ಬೇವಿನ ಗಿಡದ ಹತ್ತಿರ ಎಡಕ್ಕೆ.