ಕೀಳದೆ ಬಿಟ್ಟ ಮೊಳೆ

ಮಿಸಿಸಿಪ್ಪಿ ದಂಡೆಯ ಆ ಊರಿಗೆ ಇಪ್ಪತ್ತೊಂದು ವರ್ಷ ಹೆಸರೇ ಇರಲಿಲ್ಲ. ಹಬೆದೋಣಿಯವರು ಅದನ್ನು ಕಮ್ಮಾರನ ರೇವು ಎನ್ನುತ್ತಿದ್ದರು. ಓಬೆಡ್ ಸ್ಟ್ಯಾನರ್ಡ್ ಎತ್ತಿನ ಗಾಡಿಯಲ್ಲಿ ಕಬ್ಬಿಣ ಬಡಿಯುವ ಅಡಿಗಲ್ಲು ಹೇರಿಕೊಂಡು ಬಂದು ಕುಲುಮೆ ಹೂಡಿದಾಗ ಅಲ್ಲಿ ಇನ್ನೊಂದು ಸೂರು ಇರಲಿಲ್ಲ. ಪಶ್ಚಿಮಕ್ಕೆ ಹೊರಟ ಬಂಡಿಗಳು ನದಿ ದಾಟಿ ಬರುವಷ್ಟರಲ್ಲಿ ಬಿಸಿಲಿಗೆ ಗಾಲಿಯ ಮರ ಕುಗ್ಗಿ, ಕಬ್ಬಿಣದ ಪಟ್ಟಿ ಸಡಿಲವಾಗಿರುತ್ತಿತ್ತು. ಅದನ್ನು ಬಿಗಿ ಮಾಡಿಸಲು ಮೂರು ದಿನ ಸರದಿ ಕಾದವರು ನಾಲ್ಕನೆಯ ದಿನ ಅಲ್ಲಿನ ಕಪ್ಪು ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡುತ್ತಿದ್ದರು. ಎಷ್ಟೋ ಜನ ಮುಂದೆ ಹೋಗಲೇ ಇಲ್ಲ. ಊರು ಹಾಗೆ ಬೆಳೆಯಿತು.

ಈಗ ಊರನ್ನು ಸರ್ಕಾರದ ಪಟ್ಟಿಗೆ ಸೇರಿಸಬೇಕಾಗಿತ್ತು. ಶನಿವಾರ ಮಧ್ಯಾಹ್ನ ಶಾಲೆಯ ಕೋಣೆಯಲ್ಲಿ ಎಲ್ಲರೂ ಸೇರಿದರು. ಮೇಷ್ಟ್ರು ಎದ್ದು, “ನವ ರೋಮ್ ಅಂತ ಇಡೋಣ” ಎಂದರು.

“ಮಳೆ ಬಂದ್ರೆ ಹಂದಿನೂ ಬೀದಿ ದಾಟಲ್ಲ ಇಲ್ಲಿ. ರೋಮ್ ಅಂತೆ ರೋಮು” ಎಂದ ದೋಣಿ ನಡೆಸುವವನು.

ನಗು ಅಡಗಿದ ಮೇಲೆ ಲೈಮನ್ ಕ್ರೂ ಎದ್ದು ನಿಂತ. ಹಬೆದೋಣಿಗಳಿಗೆ ಸೌದೆ ಮಾರುವವನು. ಓಬೆಡನ ಹಿಂದೆಯೇ ಬಂದು ಇಲ್ಲಿ ನಿಂತ ಮೊದಲ ಒಕ್ಕಲು. ಹೆಂಡತಿ ಹೆರಿಗೆಯಲ್ಲಿ ಹೋದ ಮೇಲೆ ಮತ್ತೆ ಮದುವೆಯಾಗದೆ ಮಗಳು ಕೆಟೂರಾಳನ್ನು ಸಾಕಿದವನು. ಸಭೆಯಲ್ಲಿ ಅವನು ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ.

“ಓಬೆಡ್ ಹೆಸರೇ ಇಡಿ. ಇಪ್ಪತ್ತು ವರ್ಷ ನನ್ನ ನೇಗಿಲ ಗುಳ ಕಾಯಿಸಿ ತಟ್ಟಿ ಕೊಟ್ಟಿದ್ದಾನೆ, ಒಂದು ಕಾಸು ಮುಟ್ಟಿಲ್ಲ. ಅವನಷ್ಟು ನೆಟ್ಟಗಿರೋ ಮನುಷ್ಯನ್ನ ನಾನು ನೋಡಿಲ್ಲ” ಎಂದ.

ಎಲ್ಲರೂ ಬೆಂಚು ತಟ್ಟಿದರು. ಓಬೆಡನ ಕಿವಿಗಳು ಸುಟ್ಟಹಾಗಾದವು. “ಸೋಮವಾರದವರೆಗೆ ತಡೀರಿ” ಎಂದಷ್ಟೇ ಹೇಳಿ ಹೊರಗೆ ಬಂದ. ವಿನಯ ನೋಡಿ ಅವನದು ಎಂದು ಯಾರೋ ಹೇಳಿದ್ದು ಅವನ ಬೆನ್ನಿಗೆ ಕೇಳಿಸಿತು.

ಅವನಿಗೆ ನೆನಪಾದದ್ದು ಮೊದಲ ವಸಂತ. ಲೈಮನ್ ತನ್ನ ಹೆಣ್ಣು ಕುದುರೆಗೆ ಲಾಳ ಹೊಡೆಸಲು ತಂದಿದ್ದ. ಸರದಿ ಕಾಯುವ ಬಂಡಿಯವರು ನಾಲ್ಕೈದು ಜನ ಪೀಪಾಯಿಗಳ ಮೇಲೆ ಕೂತಿದ್ದರು. ಹೊಸ ಊರಲ್ಲಿ ಹೆಸರು ಮಾಡುವ ಆಸೆ ಓಬೆಡನಿಗೆ. “ಹೊಡೆದ ಮೊಳೇನ ಇವತ್ತಿನವರೆಗೂ ವಾಪಸ್ ಕಿತ್ತಿಲ್ಲ ನಾನು” ಎಂದು ಜಂಬ ಕೊಚ್ಚಿಕೊಂಡಿದ್ದ. ಮುಂಗಾಲಿನ ನಾಲ್ಕನೆಯ ಮೊಳೆ ಹೊಡೆಯುವಾಗ ಸದ್ದು ಬದಲಾಯಿತು. ಗಟ್ಟಿ ಗೊರಸಿನೊಳಗೆ ಹೋಗುವ ಮೊಳೆ ಪೆಟ್ಟಿಗೊಮ್ಮೆ ಟಣ್ ಎನ್ನುತ್ತದೆ. ಇದು ಮೆತ್ತಗೆ, ಸದ್ದಿಲ್ಲದಂತೆ ಇಳಿಯಿತು. ಕುದುರೆ ಕಾಲು ಸೆಳೆದುಕೊಂಡಿತು. ಮೊಳೆ ಗೊರಸಿನೊಳಗಿನ ಹಸಿ ಮಾಂಸಕ್ಕೆ ತಾಗಿದೆ ಎಂದು ಅವನ ಕೈಗೆ ಆಗಲೇ ಗೊತ್ತಾಯಿತು. ಕಿತ್ತು ಆ ತೂತನ್ನು ಖಾಲಿ ಬಿಟ್ಟಿದ್ದರೆ ಮುಗಿಯುತ್ತಿತ್ತು. ಪೀಪಾಯಿಯ ಮೇಲಿನವರು ನೋಡುತ್ತಿದ್ದರು. ಅವನು ಮೊಳೆಯ ತುದಿ ಮಡಚಿ ತಟ್ಟಿಬಿಟ್ಟ.

ಮೂರನೆಯ ದಿನ ಲೈಮನ್ನನ ಹೆಂಡತಿ ಡಾರ್ಕಸ್‌ಗೆ ನೋವು ಶುರುವಾಯಿತು. ಸೂಲಗಿತ್ತಿ ಇದ್ದದ್ದು ಏಳು ಮೈಲಿ ಆಚೆ. ಅರ್ಧ ದಾರಿಯಲ್ಲಿ ಕುದುರೆ ಕುಂಟಿ ನಿಂತುಬಿಟ್ಟಿತು. ಉಳಿದ ದಾರಿಯನ್ನು ಲೈಮನ್ ಓಡಿಯೇ ಮುಗಿಸಿದ. ಸೂಲಗಿತ್ತಿಯನ್ನು ಕರೆತರುವಷ್ಟರಲ್ಲಿ ಕೂಸು ಅಳುತ್ತಿತ್ತು, ತಾಯಿಯ ಮೈಯಲ್ಲಿ ರಕ್ತ ಉಳಿದಿರಲಿಲ್ಲ.

ಮಣ್ಣು ಮಾಡಿದ ಮರುದಿನ ಲೈಮನ್ ಕುದುರೆಯನ್ನು ಕುಲುಮೆಗೆ ನಡೆಸಿಕೊಂಡು ಬಂದ. “ಹೊಳೆಯ ಕಲ್ಲಿನ ಮೇಲೆ ನಾಲ್ಕು ಕಾಲಲ್ಲಿ ಓಡಿಸಿದೆ ಕಣೋ. ನಾನೇ ಕೆಡಿಸಿದೆ ಇದರ ಕಾಲನ್ನ” ಎಂದ. ಓಬೆಡ್ ಅವನಿಗೆ ಬೆನ್ನು ಹಾಕಿ ಲಾಳ ಬಿಚ್ಚಿದ. ನಾಲ್ಕನೆಯ ಮೊಳೆ ಕೀವಿನಲ್ಲಿ ಕಪ್ಪಾಗಿ ಹೊರಬಂತು. ಅದನ್ನು ನೀರಿನ ತೊಟ್ಟಿಗೆ ಹಾಕಿ, “ಹೌದು, ಕಲ್ಲು ತಾಗಿದೆ” ಎಂದ.

ಅಲ್ಲಿಂದಾಚೆ ಲೈಮನ್ನನ ಯಾವ ಕೆಲಸಕ್ಕೂ ಕೂಲಿ ಮುಟ್ಟಲಿಲ್ಲ. ಅದರಿಂದಲೇ ಧರ್ಮಾತ್ಮ ಎನ್ನಿಸಿಕೊಂಡ. ಪ್ರತಿ ವಾರ ಪ್ರಾರ್ಥನೆಯ ಗುಂಪಿನಲ್ಲಿ, ನಿನ್ನ ಆತ್ಮ ಹೇಗಿದೆ ಸೋದರ ಎಂದು ಕೇಳಿದಾಗ, ದೇವರ ದಯೆಯಿಂದ ಚೆನ್ನಾಗಿದೆ ಎಂದೇ ಹೇಳಿದ. ದೇವರ ಹೆಸರನ್ನು ಸುಳ್ಳಿಗೆ ಜೊತೆ ಮಾಡಿದ್ದಕ್ಕೆ ಮೊದಮೊದಲು ನಡುಗುತ್ತಿದ್ದ. ಆಮೇಲೆ ಅದೂ ರೂಢಿಯಾಯಿತು.

ಭಾನುವಾರ ಪ್ರಾರ್ಥನೆಗೆ ಹೋಗುವ ಬದಲು ಅವನು ಲೈಮನ್ನನ ಸೌದೆ ಅಂಗಳಕ್ಕೆ ಹೋದ.

“ಏನೋ, ಊರಿನ ಯಜಮಾನ್ರು ಇಷ್ಟು ಬೆಳಿಗ್ಗೆನೇ ಬಂದ್ಬಿಟ್ರು” ಎಂದು ಲೈಮನ್ ನಕ್ಕ.

“ಆ ಹೆಸರು ಬೇಡ. ನಿನ್ನ ಕುದುರೆ ಕಾಲು ಕಲ್ಲಿಂದ ಕೆಟ್ಟಿದ್ದಲ್ಲ, ಲೈಮನ್. ನನ್ನ ಮೊಳೆಯಿಂದ.”

ಲೈಮನ್ನನಿಗೆ ಕುದುರೆ ಯಾವುದೆಂದು ಕೇಳಬೇಕಾಗಲಿಲ್ಲ. ಕೈಯಲ್ಲಿದ್ದ ಕೊಡಲಿಯನ್ನು ಕೆಳಗಿಳಿಸಿ, “ಹೊಡೀತಾ ಇರೋವಾಗ್ಲೇ ಗೊತ್ತಾಯ್ತಾ ನಿಂಗೆ?” ಎಂದ.

“ಗೊತ್ತಾಯ್ತು.”

“ಮತ್ಯಾಕೆ ಕೀಳಲಿಲ್ಲ?”

“ಜನ ನೋಡ್ತಿದ್ರು.”

“ಯಾರು?”

“ಅವರ ಹೆಸರೂ ನೆನಪಿಲ್ಲ ಈಗ. ಮಾರನೇ ದಿನ ಮುಂದಕ್ಕೆ ಹೋದ್ರು.”

ಓಬೆಡ್ ಹೊಡೆತಕ್ಕೆ ಕಾದು ನಿಂತ. ಲೈಮನ್ ಕೊಡಲಿಯನ್ನು ಸೌದೆಯ ರಾಶಿಗೆ ಮೆಲ್ಲನೆ ಒರಗಿಸಿದ. “ಪ್ರತಿ ವರ್ಷ ಹುಟ್ಟಿದ ದಿನ ಕೆಟೂರಾ ಅವರಮ್ಮನ ವಿಷಯ ಕೇಳ್ತಾಳೆ. ಬುದ್ಧಿ ಇಲ್ದೆ ಕುದುರೆ ಓಡಿಸಿ ನಿಮ್ಮಮ್ಮನ್ನ ನಾನೇ ಕಳೆದೆ ಅಂತ ಹೇಳ್ತೀನಿ. ನಡಿ, ಮನೇಲಿದ್ದಾಳೆ. ಅವಳಿಗೆ ಹೇಳು.”

ಇಬ್ಬರೂ ಮನೆಗೆ ನಡೆದರು. ಲೈಮನ್ ಅಂಗಳದಲ್ಲೇ ನಿಂತ. ಕೆಟೂರಾ ಒಲೆಯ ಮುಂದೆ ಜೋಳದ ರೊಟ್ಟಿ ಮಗುಚುತ್ತಿದ್ದಳು. ಇಪ್ಪತ್ತು ವರ್ಷದ ಹುಡುಗಿ.

“ಬನ್ನಿ ಮಾವ, ಕೂತ್ಕೊಳ್ಳಿ. ಒಳ್ಳೇ ಹೊತ್ತಿಗೆ ಬಂದ್ರಿ, ಇಲ್ಲಾಂದ್ರೆ ಅಪ್ಪ ಒಬ್ರೇ ಎಲ್ಲಾ ಮುಗಿಸ್ತಿದ್ರು.”

ಅವನು ಕೂರಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದು, ಪೀಪಾಯಿಯ ಮೇಲೆ ಕೂತಿದ್ದವರಿಂದ ಶುರುಮಾಡಿ ಕಲ್ಲು ತಾಗಿದೆ ಎಂದ ಮಾತಿನವರೆಗೆ ಹೇಳಿದ. ನಡುವೆ ಒಮ್ಮೆಯೂ ತಲೆ ಎತ್ತಲಾಗಲಿಲ್ಲ. ರೊಟ್ಟಿ ಸೀದ ವಾಸನೆ ಬಂತು. ಅವಳು ಅದನ್ನು ಇಳಿಸಲಿಲ್ಲ.

“ಅಪ್ಪಂಗೆ ಯಾವಾಗ ಹೇಳಿದ್ರಿ ಇದನ್ನ?”

“ಈಗ. ಇಲ್ಲಿಗೆ ಬರೋಕೆ ಮುಂಚೆ.”

ಅವಳು ಅವನನ್ನು ಬೈಯಲಿಲ್ಲ, ನೋಡಲೂ ಇಲ್ಲ. ಅವನ ಪಕ್ಕದಿಂದಲೇ ಹಾದು ಅಂಗಳಕ್ಕೆ ಹೋದಳು. “ಅಪ್ಪಾ” ಎಂದದ್ದು ಕೇಳಿಸಿತು. ಆಮೇಲೆ ಲೈಮನ್ ಅಳುವುದು ಕೇಳಿಸಿತು.

ಹೋಗಬಹುದೋ, ಕರೆಯುವವರೆಗೆ ನಿಂತಿರಬೇಕೋ ಓಬೆಡನಿಗೆ ತಿಳಿಯಲಿಲ್ಲ. ಬಾಗಿಲಿಗೆ ಹೋದರೆ ಅವರ ಮುಂದೆಯೇ ಹಾದುಹೋಗಬೇಕು. ಅವನು ಸೀದ ರೊಟ್ಟಿಯನ್ನು ಒಲೆಯಿಂದ ಇಳಿಸಿಟ್ಟು, ನಿಂತಲ್ಲೇ ನಿಂತ.