ಮಗ್ಗದ ಕೋಣೆಗೆ ಬಾರದ ಸಿಗ್ನಲ್

ಅಪ್ಪನ ಗಂಟಲಿನ ಆಪರೇಶನ್ ಮುಗಿಸಿ ಹುಬ್ಬಳ್ಳಿಯಿಂದ ಇಳಕಲ್ಲಿಗೆ ಕರೆತಂದಾಗ ಬೇಸಿಗೆ ಮುಗಿಯುತ್ತ ಬಂದಿತ್ತು. ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಕೊರಳಿನ ಕೆಳಗೆ ಉಸಿರಾಡಲು ಒಂದು ರಂಧ್ರ, ಅದರ ಮೇಲೆ ತೆಳ್ಳನೆಯ ಬಿಳಿ ಬಟ್ಟೆ. ಜೀವಕ್ಕೇನೂ ಅಪಾಯವಿಲ್ಲ, ಆದರೆ ಮಾತು ಮರಳಿ ಬರುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅಪ್ಪ ತಲೆಯಾಡಿಸಿ ಒಪ್ಪಿಕೊಂಡಿದ್ದ.

ನಮ್ಮದು ನೇಕಾರರ ಮನೆ. ಬೀದಿಯ ಕಡೆಗೆ ಸೀರೆ ಅಂಗಡಿ, ನಡುವೆ ಅಂಗಳ, ಅದರಾಚೆ ಮಗ್ಗದ ಕೋಣೆ. ಅಪ್ಪ ಅಂಗಡಿಯ ಗಾದಿಯ ಮೇಲೆ ಕೂತು ದಿನವಿಡೀ ಮಾತಾಡುತ್ತಿದ್ದವ. ಸೀರೆ ಕೊಳ್ಳಲು ಬಂದವರ ಊರು, ಬೀಗರು, ಹೊಲದ ಬೆಳೆ ಎಲ್ಲ ವಿಚಾರಿಸಿದ ಮೇಲೇ ಸೀರೆಯ ಮಡಿಕೆ ಬಿಚ್ಚುತ್ತಿದ್ದ. ಆಪರೇಶನ್ ಆದ ಮೇಲೆ ಅಂಗಡಿಯ ಕಡೆ ಹಾಯುವುದನ್ನೇ ಬಿಟ್ಟ. ಮಗ್ಗದ ಕೋಣೆಯಲ್ಲಿ ಗೋಡೆಗೆ ಒರಗಿ ಕೂತುಬಿಡುತ್ತಿದ್ದ. ಅಂಗಡಿಯನ್ನು ಅವ್ವ ನೋಡಿಕೊಳ್ಳತೊಡಗಿದಳು. ನಾನು ಹುನಗುಂದದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಸಂಜೆ ಬಸ್ಸಿಳಿದು ಮನೆಗೆ ಬಂದಾಗ ಅಪ್ಪ ಮುಂಜಾನೆ ಕೂತಲ್ಲೇ ಕೂತಿರುತ್ತಿದ್ದ.

ಅವನಿಗೊಬ್ಬರು ಗೆಳೆಯರಿದ್ದರು, ಬಾದಾಮಿಯವರು. ಡ್ರಾಯಿಂಗ್ ಮಾಸ್ತರರಾಗಿ ನಿವೃತ್ತರಾದವರು. ಇಬ್ಬರೂ ಬಾಗಲಕೋಟೆಯ ಒಂದು ಬೋರ್ಡಿಂಗಿನಲ್ಲಿ ಕೂಡಿ ಬೆಳೆದವರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ದಿನವೂ ಸಂಜೆ ಅವರ ಫೋನು ಬರಬೇಕು, ಇಬ್ಬರೂ ಯಾವುದಾದರೂ ಒಂದು ವಿಷಯಕ್ಕೆ ಜಗಳಾಡಬೇಕು. ಆಪರೇಶನ್ ಆದ ಮೇಲೂ ಕಾಕಾ ಫೋನು ಮಾಡುತ್ತಿದ್ದರು. ಆ ಕಡೆಯಿಂದ ಅವರು ಮಾತಾಡುವುದು, ಈ ಕಡೆಯಿಂದ ಅಪ್ಪ ರಿಸೀವರಿನ ಮೇಲೆ ಉಗುರಿನಿಂದ ತಟ್ಟುವುದು. ಒಂದು ಸಲ ತಟ್ಟಿದರೆ ಹೌದು, ಎರಡು ಸಲ ತಟ್ಟಿದರೆ ಅಲ್ಲ. ಹೌದು ಅಲ್ಲಗಳಲ್ಲಿ ಎಷ್ಟೆಂದು ಜಗಳಾಡಲು ಬರುತ್ತದೆ? ಫೋನು ಬರಬರುತ್ತ ಕಡಿಮೆಯಾಯಿತು. ಪತ್ರ ಬರೆಯೋಣವೆಂದರೆ ಕಾಕಾನ ಕಣ್ಣು ಮಂಜು, ಸಣ್ಣ ಅಕ್ಷರ ಕಾಣುತ್ತಿರಲಿಲ್ಲ.

ಕಾಕಾನ ಸೊಸೆ ಬಾದಾಮಿಯಲ್ಲಿ ಟೈಪಿಂಗ್ ಸೆಂಟರ್ ಇಟ್ಟಿದ್ದಳು, ಅವಳಲ್ಲಿ ಕಂಪ್ಯೂಟರಿತ್ತು. ನಮ್ಮ ಅಂಗಡಿಯ ಫೋನಿಗೂ ಆಗತಾನೆ ಇಂಟರ್ನೆಟ್ ಬಂದಿತ್ತು. ಇಬ್ಬರೂ ಬರೆದು ಮಾತಾಡಲಿ, ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು ಎಂದು ನನಗೆ ಹೊಳೆಯಿತು. ನನ್ನಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ಇತ್ತು. ವೈರಸ್ ಹೊಕ್ಕು ಕೆಟ್ಟಿದ್ದ ಅದಕ್ಕೆ ನಮ್ಮ ಸಾಲೆಯ ವಿಜ್ಞಾನದ ಮೇಡಂ ಕೊಟ್ಟ ಸಿ.ಡಿ.ಯಿಂದ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿದ್ದೆ. ಯಾರು ಬೇಕಾದರೂ ಹಾಕಿಕೊಳ್ಳಬಹುದು, ಬೇಕೆಂದರೆ ಒಳಗನ್ನೂ ತೆರೆದು ನೋಡಬಹುದು ಎಂಬುದು ನನಗೆ ಹಿಡಿಸಿತ್ತು. ಅದರಲ್ಲಿ ಕನ್ನಡ ಅಕ್ಷರಗಳೂ ಒತ್ತು, ದೀರ್ಘ ಎಲ್ಲ ಸರಿಯಾಗಿ ಮೂಡುತ್ತಿದ್ದವು. ಕೀಲಿಗಳ ಮೇಲೆ ಕನ್ನಡ ಅಕ್ಷರ ಬರೆದ ಚೀಟಿಗಳನ್ನು ಅಂಟಿಸಿದೆ.

ಇಂಟರ್ನೆಟ್ ತರುವ ಮೋಡೆಮ್ ಇದ್ದದ್ದು ಅಂಗಡಿಯಲ್ಲಿ, ಅಪ್ಪ ಮಗ್ಗದ ಕೋಣೆಯಲ್ಲಿ. ಮೊದಲು ಉದ್ದನೆಯ ವೈರು ತಂದು ಅಂಗಳದ ಮೇಲಿಂದ ಎಳೆದೆ. ಮರುದಿನವೇ ಅವ್ವ ನೀರಿನ ಕೊಡ ಹೊತ್ತು ಬರುವಾಗ ಅದಕ್ಕೆ ಎಡವಿದಳು. ಕೊಡ ಉರುಳಿತು, ವೈರು ಜಗ್ಗಿತು. ಅಪ್ಪ ಎರಡೂ ಕೈಯಲ್ಲಿ ಲ್ಯಾಪ್‌ಟಾಪ್ ಅವುಚಿ ಹಿಡಿಯದಿದ್ದರೆ ಅದು ನೆಲ ಸೇರುತ್ತಿತ್ತು.

ಅವ್ವ ಸೀರೆ ಹಿಂಡಿಕೊಳ್ಳುತ್ತ, "ನಿಮ್ಮ ಮಾತು ಆಮ್ಯಾಲೆ ಆಗಲಿ, ಮದಲ ಈ ವೈರ್ ತಗಿ. ನನ್ನ ಕಾಲ ಮುರದರ ಅಂಗಡಿ ಯಾರ ನೋಡತಾರ?" ಎಂದಳು.

ಮೋಡೆಮ್‌ನಲ್ಲಿ ವೈರಿಲ್ಲದೆಯೂ ನಡೆಯುವ ಸೌಲಭ್ಯವಿತ್ತು, ಲ್ಯಾಪ್‌ಟಾಪಿನಲ್ಲೂ ಇತ್ತು. ಆದರೆ ಲ್ಯಾಪ್‌ಟಾಪಿಗೆ ಮೋಡೆಮ್ ಕಾಣುತ್ತಲೇ ಇರಲಿಲ್ಲ. ವೈರ್‌ಲೆಸ್ ಎಂಬ ಸಾಧನವೇ ತನ್ನಲ್ಲಿಲ್ಲ ಎನ್ನುವಂತೆ ಸುಮ್ಮನಿತ್ತು. ಸಂಜೆ ಸಂಜೆ ಅಂಗಡಿಯ ಮೂಲೆಯಲ್ಲಿ ವೈರು ಚುಚ್ಚಿಕೊಂಡು ಕೂತು, ಲಿನಕ್ಸ್ ಬಳಸುವವರು ಒಬ್ಬರಿಗೊಬ್ಬರು ನೆರವಾಗುವ ತಾಣವೊಂದರಲ್ಲಿ ನನ್ನ ಮುರುಕು ಇಂಗ್ಲಿಷಿನಲ್ಲಿ ಕೇಳಿದೆ. ಮರುದಿನ ಉತ್ತರ ಬಂದಿತ್ತು. ಯಾವ ದೇಶದವರೋ, ಗಂಡಸೋ ಹೆಂಗಸೋ ನನಗೆ ಇವತ್ತಿಗೂ ಗೊತ್ತಿಲ್ಲ. ಇಂಥ ಆಜ್ಞೆ ಟೈಪ್ ಮಾಡಿ, ಪರದೆಯ ಮೇಲೆ ಬಂದದ್ದನ್ನು ಹಾಗೆಯೇ ಕಳಿಸಿ ಎಂದಿದ್ದರು. ಕಳಿಸಿದೆ. ನಿಮ್ಮ ವೈರ್‌ಲೆಸ್ ಚಿಪ್ ಕೆಟ್ಟಿಲ್ಲ, ಅದನ್ನು ಎಬ್ಬಿಸುವ ಸಣ್ಣ ಫೈಲೊಂದು ಬೇಕು, ಅದು ಸಿ.ಡಿ.ಯಲ್ಲಿ ಇರುವುದಿಲ್ಲ, ಬೇರೆ ತಂದು ಹಾಕಬೇಕು ಎಂದು ತಿಳಿಸಿದರು. ಹಾಕಿ, ಲ್ಯಾಪ್‌ಟಾಪ್ ಆರಿಸಿ ಮತ್ತೆ ಹಚ್ಚಿದಾಗ ಅಂಚಿನಲ್ಲಿ ಅದುವರೆಗೆ ಕಂಡಿರದ ಒಂದು ನೀಲಿ ದೀಪ ಹತ್ತಿತು.

ಅಷ್ಟಕ್ಕೇ ಮುಗಿಯಲಿಲ್ಲ. ಈಗ ಮೋಡೆಮ್ ಕಾಣುತ್ತಿತ್ತು, ಪಾಸ್‌ವರ್ಡ್ ಕೇಳುತ್ತಿತ್ತು, ಕೊಟ್ಟರೆ ಸ್ವಲ್ಪ ಹೊತ್ತು ತಿರುಗಿ ಮತ್ತೆ ಪಾಸ್‌ವರ್ಡ್ ಕೇಳುತ್ತಿತ್ತು. ನಾನೇ ತಪ್ಪು ಒತ್ತಿದೆನೇನೋ ಎಂದು ಒಂದೊಂದೇ ಅಕ್ಷರ ಬಾಯಲ್ಲಿ ಹೇಳುತ್ತ ಹಾಕಿದೆ. ಅಪ್ಪ ಅಂಗಳದ ಬಾಗಿಲಿಗೆ ಬಂದು, ಏನಾಯಿತು ಎಂದು ಕೈ ತಿರುವಿ ಕೇಳಿದ.

"ಚಿಲಕ ಐತಿ, ಕೀಲಿನೂ ಐತಿ ಅಪ್ಪಾ. ತಗಿಯಾಕ ಬರವಲ್ದು," ಎಂದೆ.

ದೂರದ ಆ ಜೀವವನ್ನೇ ಮತ್ತೆ ಕೇಳಿದೆ. ಮೋಡೆಮ್‌ನ ಬೀಗದ ಬಗೆಯನ್ನೇ ಬದಲಿಸಿ ನೋಡಿ, ನಿಮ್ಮ ಚಿಪ್‌ಗೆ ಆ ಬಗೆ ಹೊಂದುತ್ತಿಲ್ಲ ಎಂದು ಉತ್ತರ ಬಂತು. ಮೋಡೆಮ್‌ನ ಒಳಪುಟ ತೆರೆದು ಬದಲಿಸಿದೆ. ಕೂಡಿತು. ವೈರು ಕಿತ್ತು ಕೈಯಲ್ಲಿ ಹಿಡಿದುಕೊಂಡೆ, ಪರದೆಯ ಮೇಲೆ ಪುಟ ಬರುತ್ತಲೇ ಇತ್ತು. ಅವ್ವನಿಗೆ ತೋರಿಸಿದೆ. "ಛಲೋ ಆತು, ಆ ವೈರ್ ನನಗ ಕೊಡು, ಅರಬಿ ಒಣಹಾಕಾಕ ಬರತೈತಿ," ಎಂದಳು.

ಲ್ಯಾಪ್‌ಟಾಪನ್ನು ಹೊತ್ತು ಮಗ್ಗದ ಕೋಣೆಗೆ ಹೋದೆ. ಹೊಸ್ತಿಲು ದಾಟುತ್ತಿದ್ದಂತೆ ಸಿಗ್ನಲ್ ಸತ್ತಿತು. ನಮ್ಮ ಅಜ್ಜ ಕಟ್ಟಿಸಿದ ಗೋಡೆ, ಕಲ್ಲು ಮಣ್ಣಿನದು, ಎರಡು ಮೊಳ ದಪ್ಪ. ಮೋಡೆಮನ್ನು ಗೋಡೆಯ ಎತ್ತರದ ಗೂಡಿನಲ್ಲಿಟ್ಟೆ, ಕಿಟಕಿಯ ಬಳಿ ತೂಗುಹಾಕಿದೆ. ಆಗೊಮ್ಮೆ ಈಗೊಮ್ಮೆ ಒಂದು ಗೆರೆ ಮೂಡಿ ಅಳಿಯುತ್ತಿತ್ತು. ನಾನು ಸೋತು ಕೂತೆ. ಪರೀಕ್ಷೆಯ ದಿನಗಳು ಬೇರೆ, ಸಾಲೆಯ ಕೆಲಸ ಹೆಚ್ಚಿತ್ತು. ನೋಡೋಣ ಎಂದು ಬಿಟ್ಟೆ.

ಅಪ್ಪ ಬಿಡಲಿಲ್ಲ. ಪರದೆಯ ಮೂಲೆಯ ಗೆರೆಗಳು ಹೆಚ್ಚಿದರೆ ಒಳ್ಳೆಯದು ಎಂಬಷ್ಟನ್ನು ಅವನಿಗೆ ಹೇಳಿಕೊಟ್ಟಿದ್ದೆ. ಒಂದು ಸಂಜೆ ಬಂದಾಗ ಅಂಗಳದ ನಡುವೆ ಮಣೆ ಹಾಕಿಕೊಂಡು ಕೂತಿದ್ದ. ಇನ್ನೊಂದು ಸಂಜೆ ಅಂಗಡಿಯ ಹಿಂಬಾಗಿಲಿನ ಹೊಸ್ತಿಲ ಮೇಲೆ, ಬೀದಿಗೆ ಬೆನ್ನು ಮಾಡಿ. ಅಲ್ಲಿ ಗೆರೆಗಳು ಪೂರ್ತಿ ಇದ್ದವು. ಬಾದಾಮಿಗೆ ಫೋನು ಮಾಡಿ ಸೊಸೆಗೆ ಹೇಳಿದೆ. ಅವಳು ಕಾಕಾನನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಅಕ್ಷರ ದೊಡ್ಡದು ಮಾಡಿಕೊಟ್ಟಳು.

ಅಪ್ಪ ಒಂದೇ ಬೆರಳಿನಲ್ಲಿ, ಕೀಲಿ ಹುಡುಕಿ ಹುಡುಕಿ ಬರೆದ: "ಊಟ ಆತೇನಲೇ?"

ಬಹಳ ಹೊತ್ತಿನ ಮೇಲೆ ಉತ್ತರ ಮೂಡಿತು. "ಯಾರಿದು?"

ಅಪ್ಪ ತನ್ನ ಹೆಸರು ಬರೆದ. ಕಾಕಾ ಒಪ್ಪಲಿಲ್ಲ. "ಖರೆ ಅವನ ಆಗಿದ್ದರ ಹೇಳು. ಬೋರ್ಡಿಂಗಿನ ಬಾವ್ಯಾಗ ನನ್ನ ಚಪ್ಪಲಿ ಯಾರು ಒಗದಿದ್ದರು?"

ಅಪ್ಪ ಈ ಸಲ ಗಡಿಬಿಡಿಯಿಂದ ಬರೆದ, ತಪ್ಪಿದ, ಅಳಿಸಿದ, ಮತ್ತೆ ಬರೆದ: "ನೀನ ಒಗದಿದ್ದಿ. ನನ್ನ ಹೆಸರ ಹೇಳಿ ಹೊಡಿಸಿದಿ."

ಆ ಕಡೆ ಕಾಕಾ ಪರದೆ ನೋಡುತ್ತ ನಕ್ಕು ನಕ್ಕು ಕಣ್ಣೊರೆಸಿಕೊಂಡರೆಂದು ಸೊಸೆ ಆಮೇಲೆ ಹೇಳಿದಳು. ಇಲ್ಲಿ ಅಪ್ಪನ ಭುಜಗಳು ಕುಣಿಯುತ್ತಿದ್ದವು. ಆಪರೇಶನ್ ಆದ ಮೇಲೆ ಅವನು ನಕ್ಕದ್ದನ್ನು ನಾನು ಕಂಡಿರಲಿಲ್ಲ. ಸದ್ದಿಲ್ಲದ ನಗು ಹೇಗಿರುತ್ತದೆಂದು ಗೊತ್ತಿರಲಿಲ್ಲವಾದ್ದರಿಂದ ಮೊದಲು ಗಾಬರಿಯಾದೆ.

ಹೊಸ್ತಿಲಿನಿಂದ ಗಾದಿಗೆ ಅಂತರ ಹೆಚ್ಚಿರಲಿಲ್ಲ. ಕೆಲವು ದಿನಗಳಲ್ಲಿ ಬೆನ್ನಿಗೆ ಆಸರೆ ಬೇಕೆಂದು ಗಾದಿಯ ಮೂಲೆಗೆ ಸರಿದ. ರವಿವಾರ ನಾನೂ ಮನೆಯಲ್ಲಿದ್ದಾಗ ಅಮೀನಗಡದ ಕಡೆಯ ಹೆಂಗಸೊಬ್ಬಳು ಮಗಳ ಮದುವೆಗೆ ಸೀರೆ ನೋಡಲು ಬಂದಳು. ಅಪ್ಪನ ಹಳೆಯ ಗಿರಾಕಿ. ಅವನನ್ನು ಕಂಡವಳೇ, "ಕೊಳ್ಳಿಗೆ ಏನಾತ್ರೀ ಯಣ್ಣಾ?" ಎಂದಳು. ಅಪ್ಪನ ಕೈ ಕೊರಳಿನ ಬಟ್ಟೆಯ ಮೇಲೆ ಹೋಯಿತು. ಅವ್ವ ಆಪರೇಶನ್ ಸಂಗತಿ ಹೇಳಿದಳು.

"ಹೌದನ? ಜೀವ ಉಳೀತಲ್ಲ, ಅಷ್ಟ ಸಾಕ ಬಿಡ್ರಿ," ಎಂದಳು ಆಕೆ. "ಆ ಕೆಂಪ ಸೆರಗಿಂದು ಬಿಚ್ಚಿ ತೋರಸ್ರಿ. ಈ ಅಕ್ಕಗ ತಿಳಿಯೂದಿಲ್ಲ, ನೀವ ಆರಿಸಿ ಕೊಡ್ರಿ."

ಅಪ್ಪ ಲ್ಯಾಪ್‌ಟಾಪ್ ಬದಿಗಿಟ್ಟು ಎದ್ದು, ಕಪಾಟಿನಿಂದ ಸೀರೆ ತೆಗೆದು, ಸೆರಗನ್ನು ತನ್ನ ಮುಂಗೈ ಮೇಲೆ ಇಳಿಬಿಟ್ಟು ತೋರಿಸಿದ. ಆಕೆ ಬೇರೆ ಬಣ್ಣ ಕೇಳಿದಳು, ಅವನು ಬೇಡವೆಂದು ಕೈಯಾಡಿಸಿದ. ಕೊನೆಗೆ ಅವನು ಆರಿಸಿದ್ದನ್ನೇ ಒಯ್ದಳು. ಅವ್ವ ನನ್ನ ಮುಖ ನೋಡಿದಳು.

ಮುಂದೊಂದು ತಿಂಗಳಿಗೆ ಸಿಗ್ನಲ್ ಕಡಿಯುವುದಕ್ಕೆ ಗೋಡೆಯೊಂದೇ ಕಾರಣವಲ್ಲ, ವಿದ್ಯುತ್ ಉಳಿಸಲೆಂದು ಚಿಪ್ ತಾನೇ ನಿದ್ದೆ ಹೋಗುತ್ತದೆ ಎಂದು ಗೊತ್ತಾಯಿತು. ಆ ನಿದ್ದೆಯನ್ನು ತಪ್ಪಿಸಿದೆ. ಮಗ್ಗದ ಕೋಣೆಯಲ್ಲೂ ತಕ್ಕಮಟ್ಟಿಗೆ ಬರತೊಡಗಿತು. ಅಪ್ಪನಿಗೆ ಹೇಳಿದಾಗ ಒಳ್ಳೆಯದಾಯಿತೆಂದು ತಲೆಯಾಡಿಸಿ, ಗಾದಿಯ ಮೇಲೆಯೇ ಬರೆಯುತ್ತ ಕೂತ.

ಮರುವರ್ಷದ ಶ್ರಾವಣದಲ್ಲಿ ಕಾಕಾ ನಮ್ಮನ್ನು ಬಾದಾಮಿಗೆ ಕರೆದರು. ನಾನು, ಅಪ್ಪ ಬಸ್ಸಿನಲ್ಲಿ ಹೋದೆವು. ಮರುದಿನ ಮೂವರೂ ಮಹಾಕೂಟದ ಗುಡಿಗೆ ಹೋದೆವು. ಅಪ್ಪ ಲ್ಯಾಪ್‌ಟಾಪನ್ನು ಕೈಚೀಲದಲ್ಲಿ ಹಾಕಿಕೊಂಡಿದ್ದ. ಹೊಂಡದ ಮೆಟ್ಟಿಲ ಮೇಲೆ ಕೂತು ಇವನು ಬರೆಯುವುದು, ಕಾಕಾ ಪರದೆಗೆ ಮೂಗು ಹಚ್ಚಿ ಓದಿ ಗಟ್ಟಿಯಾಗಿ ಉತ್ತರ ಕೊಡುವುದು ನಡೆದಿತ್ತು. ನೀರಿಗಿಳಿದಿದ್ದ ಜನ ತಿರುಗಿ ನೋಡುತ್ತಿದ್ದರು. ಚಪ್ಪಲಿಯ ವಾದ ಇನ್ನೂ ತೀರ್ಮಾನವಾಗಿರಲಿಲ್ಲ. ಅಷ್ಟರಲ್ಲಿ ಬ್ಯಾಟರಿ ಮುಗಿದು ಪರದೆ ಕಪ್ಪಾಯಿತು.

"ಮುಗೀತಲ್ಲ? ಈಗ ನಾ ಹೇಳತೇನಿ, ನೀ ಕೇಳು," ಎಂದು ಕಾಕಾ ಮೊದಲಿನಿಂದ ಶುರು ಮಾಡಿದರು. ಅಪ್ಪ ಪಂಚೆ ಮೇಲಕ್ಕೆತ್ತಿ, ತಣ್ಣನೆಯ ನೀರಿನಲ್ಲಿ ಕಾಲು ಇಳಿಬಿಟ್ಟು, ಬೆರಳಿನಿಂದ ಅವರ ಮೊಣಕಾಲ ಮೇಲೆ ಎರಡೆರಡು ಸಲ, ಅಲ್ಲ, ಅಲ್ಲ ಎಂದು ತಟ್ಟುತ್ತ ಕೇಳುತ್ತಿದ್ದ. ನಾನು ಬುತ್ತಿ ಬಿಚ್ಚಿ ಇಬ್ಬರ ಕೈಗೂ ರೊಟ್ಟಿ ಕೊಟ್ಟೆ.